ನೆಲದೊಡಲಿನ ನೀರು ಯಾರ ಪಾಲು?

ಕೊಳವೆಬಾವಿ ಕೊರೆಯಿಸಿ ನೀರು ಕಾಣದವನಿಗೆ ಊರವರಿಂದ ದೊರೆಯುವ ಸಲಹೆ ಒಂದೇ: ‘ಹೈಡ್ರೋಫ್ರಾಕ್ಚರಿಂಗ್ ಮಾಡಿಸಿ ನೋಡಿರಿ.’ ಬಾಗಲಕೋಟೆ ತಾಲ್ಲೂಕಿನ ತುಳಸಿಗೇರಿಯಿಂದ ಹುನಗುಂದ, ಇಳಕಲ್ಲುಗಳವರೆಗೆ ನೆಲದಡಿ ಇರುವುದು ಬಹುಪಾಲು ಗಟ್ಟಿ ಶಿಲೆಯೇ. ಒಂದೆಡೆ ಭೂವಿಜ್ಞಾನಿಗಳು ಕಲಾದಗಿಯ ಹೆಸರಿನಿಂದಲೇ ಗುರುತಿಸುವ ಸುಣ್ಣಕಲ್ಲು, ಬೆಣಚುಶಿಲೆಗಳ ಪದರ. ಇಳಕಲ್ಲಿನತ್ತ ಹೋದಂತೆ ಕೆಂಪು ಗ್ರಾನೈಟು. ಇಂಥ ಕಲ್ಲಿನಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಆದುದರಿಂದ ಕೊಳವೆಯೊಳಗೆ ರಬ್ಬರಿನ ತಡೆಯನ್ನಿಳಿಸಿ, ಕೆಳಭಾಗವನ್ನು ಬಿಗಿದು, ಅಧಿಕ ಒತ್ತಡದಿಂದ ನೀರನ್ನು ನುಗ್ಗಿಸುತ್ತಾರೆ. ಜೇಡಿ ತುಂಬಿದ ಬಿರುಕುಗಳು ತೊಳೆದುಹೋಗಿ, ಕಿರಿದಾದವು ಹಿಗ್ಗಿ, ಆಚೆಯ ಬಿರುಕುಗಳೊಡನೆ ಕೂಡಿಕೊಳ್ಳುತ್ತವೆ. ಗ್ರಾಮಗಳ ಕುಡಿಯುವ ನೀರಿನ ಕೈಪಂಪುಗಳಿಗೆ ಸರಕಾರವೂ ಈ ಉಪಾಯವನ್ನು ಬಳಸಿದೆ. ಅದರಿಂದ ಎಷ್ಟೋ ತಾಯಂದಿರ ಕೊಡಗಳು ತುಂಬಿವೆ.

ಅಮೆರಿಕದಲ್ಲಿ ಇದೇ ಹೆಸರಿನಿಂದ ನಡೆಯುವ ಕಾರ್ಯ ಬೇರೆ ಪ್ರಮಾಣದ್ದು. ಅನಿಲಕ್ಕಾಗಿ ಕಿಲೋಮೀಟರುಗಟ್ಟಲೆ ಆಳಕ್ಕಿಳಿದು, ಒಂದೊಂದು ಬಾವಿಗೆ ಕೋಟಿ ಲೀಟರಿಗೂ ಮಿಕ್ಕಿ ನೀರನ್ನು ಮರಳು, ರಾಸಾಯನಿಕಗಳೊಡನೆ ಒತ್ತುತ್ತಾರೆ. ಮರಳಿ ಬರುವ ಉಪ್ಪುನೀರನ್ನು ಎಲ್ಲಿ ಚೆಲ್ಲುವುದೆಂಬುದೇ ಅಲ್ಲಿನ ದೊಡ್ಡ ಚಿಂತೆ. ಭಾರತವೂ 2013ರಲ್ಲಿ ಶೇಲ್ ಅನಿಲದ ನೀತಿಯನ್ನು ಹೊರಡಿಸಿತು. ಬಾಗಲಕೋಟೆಯ ರೈತ ಒತ್ತುವುದು ಬರಿಯ ನೀರನ್ನು. ಆದರೂ ಒಂದು ಪ್ರಶ್ನೆ ಎರಡೂ ಕಡೆ ಸಮಾನ: ಆ ಬಿರುಕು ಯಾರ ಹೊಲದಡಿಗೆ ಹೋಗಿ ಮುಟ್ಟಿತು?

ಒತ್ತಡ ಕೊಟ್ಟ ಮಾತ್ರಕ್ಕೆ ನೀರು ಹೊಸದಾಗಿ ಹುಟ್ಟುವುದಿಲ್ಲ. ಬಿದ್ದ ಮಳೆಯಲ್ಲಿ ಇಂಗಿದ್ದಷ್ಟೇ ಕೆಳಗಿನ ಬಂಡವಾಳ. ಒಬ್ಬನ ಬಾವಿಯಲ್ಲಿ ಎರಡು ಇಂಚು ನೀರು ಹೆಚ್ಚಿದಾಗ, ಕೆಲವೊಮ್ಮೆ ಅದು ನೆರೆಯವನ ಬಾವಿಯಿಂದಲೇ ಸರಿದು ಬಂದದ್ದಾಗಿರುತ್ತದೆ. ನೆರೆಯವನು ಸಾಲ ಮಾಡಿ ಇನ್ನೂ ಆಳಕ್ಕೆ ಕೊರೆಯಿಸುತ್ತಾನೆ. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ರಾಜ್ಯದಲ್ಲಿ ವಿದ್ಯುತ್ತು ಉಚಿತ. ಎತ್ತುವುದಕ್ಕೆ ಬೆಲೆಯೇ ಇಲ್ಲದ ಮೇಲೆ ಕೈ ತಡೆಯುವುದಾದರೂ ಏನು? ಸಾಲ ತರಲಾರದವನು ಪಂದ್ಯದಿಂದ ಹೊರಗುಳಿಯುತ್ತಾನೆ. ಆಳದ ನೀರಿನ ಗುಣವೂ ವಿಚಾರಿಸತಕ್ಕದ್ದು. ಇಳಕಲ್ಲಿನ ಸುತ್ತಿನ ಶಿಲೆಯಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದರೆ ಮಕ್ಕಳ ಹಲ್ಲಿನಲ್ಲಿ ಕಲೆಯಾಗಿ, ಹಿರಿಯರ ಮೂಳೆಯಲ್ಲಿ ನೋವಾಗಿ ನೆಲೆಸುತ್ತದೆ.

ಕಾನೂನು ಈ ನೀರನ್ನು ಬಹುಕಾಲ ನೆಲದೊಡೆಯನಿಗೇ ಬರೆದುಕೊಟ್ಟಿತ್ತು. 1882ರ ಅನುಭೋಗ ಹಕ್ಕುಗಳ ಕಾಯ್ದೆ ಬಾಗಲಕೋಟೆ ಅಂದು ಸೇರಿದ್ದ ಮುಂಬಯಿ ಪ್ರಾಂತಕ್ಕೆ 1891ರಲ್ಲಿ ಬಂದಿತು. ಅದರಂತೆ ನಿಶ್ಚಿತ ಹರಿವಿಲ್ಲದ ಅಂತರ್ಜಲವನ್ನು ತನ್ನ ಗಡಿಯೊಳಗೆ ಎಷ್ಟಾದರೂ ಸಂಗ್ರಹಿಸಲು ಒಡೆಯನಿಗೆ ಹಕ್ಕುಂಟು. ಮುಂದೆ ರಾಜ್ಯದ 1999ರ ಕಾಯ್ದೆ, ಸಾರ್ವಜನಿಕ ಕುಡಿಯುವ ನೀರಿನ ಮೂಲದ 500 ಮೀಟರಿನೊಳಗೆ ಬಾವಿ ತೋಡಲು ಅನುಮತಿ ಬೇಕೆಂದಿತು. 2011ರ ಕಾಯ್ದೆ ಅಧಿಸೂಚಿತ ಪ್ರದೇಶಗಳಲ್ಲಿ ಬಾವಿಗೂ, ಕೊರೆಯುವ ಯಂತ್ರದವರಿಗೂ ನೋಂದಣಿಯನ್ನು ವಿಧಿಸಿತು. ಆದರೆ ಸರ್ವೇ ಕಲ್ಲು ನೆಲದ ಮೇಲಿದೆ, ಬಿರುಕು ನೆಲದ ಕೆಳಗಿದೆ. ತನ್ನ ನೀರು ಯಾವ ದಾರಿಯಿಂದ ಹೋಯಿತೆಂದು ನೆರೆಯ ಬಡವನು ಯಾವ ನ್ಯಾಯಾಲಯದಲ್ಲಿ ಸಾಧಿಸಿಯಾನು?

ಶ್ರಾವಕನಿಗೆ ಮಾತ್ರ ಈ ಸಾಕ್ಷ್ಯ ಸಿಗುವವರೆಗೆ ಕಾಯುವ ಕಾರಣವಿಲ್ಲ. ವರ್ಜ್ಯವೆಂದು ಎಣಿಸಿದ ಹದಿನೈದು ಜೀವಿಕೆಗಳಲ್ಲಿ ನೆಲವನ್ನು ಒಡೆಯುವ ಸ್ಫೋಟಜೀವಿಕೆಯೊಂದು, ಕೆರೆಕೊಳಗಳನ್ನು ಬತ್ತಿಸುವ ಸರಃಶೋಷವೊಂದು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಕಲ್ಲೊಡೆಯುವುದರ ಜೊತೆಗೆ ಬಾವಿ ತೋಡುವುದನ್ನೂ ಸ್ಫೋಟಜೀವಿಕೆಯಲ್ಲಿ ಸೇರಿಸಿದ್ದಾರೆ. ಅಲ್ಲಿನ ನಿಷೇಧ ಅದನ್ನೇ ವೃತ್ತಿಯಾಗಿಸಿಕೊಳ್ಳುವುದಕ್ಕೆ. ಮನೆಯ ಬಾವಿಯ ನೀರು ಕುಡಿಯುವ ಗೃಹಸ್ಥನು ಬೆದರಬೇಕಿಲ್ಲ. ಆದರೆ ಕಲ್ಯಾಣಮಂಟಪವನ್ನು ಬಾಡಿಗೆಗೆ ಕೊಡಲು, ಹುಲ್ಲುಹಾಸನ್ನು ಹಸಿರಾಗಿಡಲು ಬಸದಿಯ ಟ್ರಸ್ಟೊಂದು ಬಾವಿಗೆ ಒತ್ತಡ ಕೊಡಿಸಹೊರಟರೆ ಅದನ್ನು ಅವಶ್ಯಕತೆಯೆಂದು ಕರೆಯುವುದು ಕಷ್ಟ.

ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ನಿಂತ ಜಿನಬಿಂಬಗಳ ಕೆಳಗೆ ಅಗಸ್ತ್ಯತೀರ್ಥವಿದೆ. ಸುತ್ತಣ ಬಂಡೆಗಳ ಮೇಲೆ ಬಿದ್ದ ಮಳೆ ಇಳಿದು ಬಂದು ಅಲ್ಲಿ ತಂಗುತ್ತದೆ. ಟ್ರಸ್ಟುಗಳು ಅದೇ ಲೆಕ್ಕವನ್ನು ತಮ್ಮ ಛಾವಣಿಗೆ ಹಾಕಿ ನೋಡಬಹುದು. ಸಾವಿರ ಚದರ ಮೀಟರಿನ ಛಾವಣಿಯ ಮೇಲೆ 500 ಮಿಲಿಮೀಟರು ಮಳೆ ಸುರಿದರೆ ಐದು ಲಕ್ಷ ಲೀಟರು. ಸೋರಿದ್ದು, ಆರಿದ್ದು ಕಳೆದು ಉಳಿದುದನ್ನು ಒಣಗಿದ ಅದೇ ಕೊಳವೆಬಾವಿಯ ಸುತ್ತ ಸೋಸಿ ಇಂಗಿಸಿದರೆ, ನೆರೆಯವನ ಬಾವಿಗೂ ಅದರಲ್ಲಿ ಪಾಲು ಹೋಗುತ್ತದೆ.