ಬಾಗಿಲಿಲ್ಲದ ಶಿರಾ ಗೇಟ್

ಬೆಂಗಳೂರಿನಿಂದ ವಾಯವ್ಯಕ್ಕೆ ಸುಮಾರು 70 ಕಿಲೋಮೀಟರು ಸಾಗಿದರೆ ತುಮಕೂರು. ಅಲ್ಲಿ ಶಿರಾದ ಹಾದಿ ಹಿಡಿಯುವ ಎಡೆಗೆ ಶಿರಾ ಗೇಟ್ ಎಂದು ಹೆಸರು. ಗುಬ್ಬಿಯ ದಾರಿಗೆ ಗುಬ್ಬಿ ಗೇಟ್ ಇರುವಂತೆ ಇದೂ ಒಂದು. ಹೆಸರಿನಲ್ಲಿ ಗೇಟ್ ಇದೆಯೇ ಹೊರತು ಇಂದು ಅಲ್ಲಿ ಬಾಗಿಲೂ ಇಲ್ಲ, ಬಾಗಿಲು ಕಾಯುವವನೂ ಇಲ್ಲ. ಬಸ್ಸು, ಲಾರಿ, ಆಟೋಗಳು ಎಡೆಬಿಡದೆ ಹರಿಯುತ್ತವೆ. ಚಹದಂಗಡಿಯ ಮುಂದೆ ನಿಂತವನನ್ನು ‘ಯಾವೂರು?’ ಎಂದು ಕೇಳುವವರಿಲ್ಲ.

ಈ ಹಾದಿ ಹೊಸಬರನ್ನು ಕಂಡದ್ದು ಇಂದು ನಿನ್ನೆಯಲ್ಲ. ಇಲ್ಲಿಂದ ಸುಮಾರು 50 ಕಿಲೋಮೀಟರು ದೂರದ ಶಿರಾ 1687ರ ಬಳಿಕ ಮೊಗಲರ ಸುಬೆಯ ರಾಜಧಾನಿಯಾಗಿತ್ತು. ದೂರದಿಂದ ಅಧಿಕಾರಿಗಳು ಬಂದರು, ಸೈನಿಕರು ಬಂದರು. ಇಲ್ಲಿಯ ನೀರು ಕುಡಿದು ಇಲ್ಲಿಯವರೇ ಆದವರೂ ಉಂಟು. ಪಾಸ್‌ಪೋರ್ಟು, ವೀಸಾಗಳ ಕಾಲ ಅದಲ್ಲ.

ಈಗಿನ ಬಾಗಿಲು ಪಾಸ್‌ಪೋರ್ಟಿನ ಪುಟದಲ್ಲಿದೆ. ಪರದೇಶದ ಹೆಣ್ಣುಮಗಳೊಬ್ಬಳು ತುಮಕೂರಿನ ಯುವಕನಿಗೆ ಒಲಿದು, ಪ್ರವಾಸಿ ವೀಸಾದ ಮೇಲೆ ಬಂದು, ಶಿರಾ ಗೇಟಿನ ಬಳಿಯ ಅವನ ಮನೆಯಲ್ಲಿ ಇಳಿದುಕೊಂಡಳೆಂದು ಎಣಿಸಬಹುದು. ಮೊದಲು ಮುಖ ತಿರುಗಿಸಿದ ತಾಯಿ ಕ್ರಮೇಣ ಕರಗಿ, ಮುದ್ದೆ ಮುರಿದು ನುಂಗುವ ಬಗೆಯನ್ನು ತಾನೇ ಹೇಳಿಕೊಡುತ್ತಾಳೆ. ಅಷ್ಟರಲ್ಲಿ ದಿನ ಮುಗಿಯುತ್ತ ಬರುತ್ತದೆ. “ಇನ್ನೊಂದು ತಿಂಗಳು ಇರಲಿ ಬಿಡಿ, ಯಾರು ಕೇಳುತ್ತಾರೆ?” ಎಂಬ ಮಾತು ಅಂಥ ಮನೆಯಲ್ಲಿ ಹುಟ್ಟುವುದು ಸಹಜ. ಕೇಡು ಒಳಗೆ ಬರುವುದೂ ಆ ಮಾತಿನ ಬೆನ್ನಿಗೇ.

ಅವಧಿ ಮೀರಿ ಉಳಿದ ವಿದೇಶಿಯರಿಗೆ, 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯಿದೆಯ ಪ್ರಕಾರ 3 ವರ್ಷದವರೆಗೆ ಸೆರೆ, ಇಲ್ಲವೆ 3 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ದೇಶ ಬಿಟ್ಟು ಹೋಗಲೂ ಅನುಮತಿ ಬೇಕಾಗುತ್ತದೆ. ಮರಳಿ ಬರಲು ವೀಸಾ ಸಿಗದೆಯೂ ಹೋಗಬಹುದು. ಐದು ವರ್ಷದ ವೀಸಾ ಇದೆಯೆಂದು ಮೈಮರೆಯುವವರೂ ಇದ್ದಾರೆ. ವೀಸಾದ ಆಯುಷ್ಯ ಬೇರೆ, ಒಮ್ಮೆ ಬಂದರೆ ಎಷ್ಟು ದಿನ ಇರಬಹುದೆಂಬ ಲೆಕ್ಕವೇ ಬೇರೆ.

ಇದಕ್ಕಿಂತ ಆಳವಾದ ಪೆಟ್ಟು 1955ರ ಪೌರತ್ವ ಕಾಯಿದೆಯಲ್ಲಿದೆ. ಭಾರತೀಯನನ್ನು ವರಿಸಿ 7 ವರ್ಷ ಇಲ್ಲಿ ನೆಲೆಸಿದವಳು ಪೌರತ್ವಕ್ಕೆ ಅರ್ಜಿ ಹಾಕಬಹುದು. ಆದರೆ ಅವಧಿ ಮೀರಿ ಉಳಿದವರನ್ನು ಅದೇ ಕಾಯಿದೆ ಅಕ್ರಮ ವಲಸಿಗರೆಂದು ಕರೆಯುತ್ತದೆ; ಆ ಹೆಸರು ಹೊತ್ತವರಿಗೆ ಈ ದಾರಿ ಮುಚ್ಚಿದೆ. ತೊಟ್ಟಿಲಿನ ಮಗುವಿಗೂ ಅದರ ನೆರಳು ತಪ್ಪದು. 2004ರ ಡಿಸೆಂಬರ್ 3ರಿಂದೀಚೆಗೆ, ಹೆರಿಗೆಯ ಹೊತ್ತಿನಲ್ಲಿ ತಾಯಿ ಅಕ್ರಮ ವಲಸಿಗಳಾಗಿದ್ದರೆ, ತಂದೆ ಅಪ್ಪಟ ತುಮಕೂರಿನವನಾಗಿದ್ದರೂ ಮಗು ಹುಟ್ಟಿನಿಂದ ಭಾರತದ ಪ್ರಜೆಯಾಗುವುದಿಲ್ಲ. ಒಲವಿಗಾಗಿ ಕದ್ದ ದಿನಗಳ ಸಾಲವನ್ನು ಕೂಸು ಹೊರಬೇಕಾಗುತ್ತದೆ.

ಕಾನೂನು ಹೃದಯವನ್ನು ನೋಡುವುದಿಲ್ಲವೆಂಬುದು ಕನ್ನಡನಾಡಿನಲ್ಲಿಯೂ ಕಂಡ ಸಂಗತಿ. ಮೊಬೈಲಿನ ಲೂಡೋ ಆಟದಲ್ಲಿ ಪರಿಚಯವಾದ ಯುವಕನಿಗಾಗಿ ಪಾಕಿಸ್ತಾನದ ಯುವತಿಯೊಬ್ಬಳು ನೇಪಾಳದ ಮಾರ್ಗವಾಗಿ ಬಂದು ಬೆಂಗಳೂರಿನಲ್ಲಿ ಸಂಸಾರ ಹೂಡಿದ್ದಳು. ಅವಳದು ಅವಧಿ ಮೀರಿದ ವೀಸಾ ಅಲ್ಲ, ವೀಸಾವೇ ಇರಲಿಲ್ಲ. 2023ರ ಜನವರಿಯಲ್ಲಿ ಪೊಲೀಸರ ಕೈಗೆ ಸಿಕ್ಕಳು. ಫೆಬ್ರವರಿಯಲ್ಲಿ ಗಡಿ ದಾಟಿಸಿ ಅವಳನ್ನು ತವರಿಗೆ ಕಳುಹಿಸಿದರು.

ಹಾಗೆಂದು ಪ್ರವಾಸಿಯಾಗಿ ಬಂದವಳು ಸೊಸೆಯಾಗಲು ದಾರಿಯೇ ಇಲ್ಲವೆಂದಲ್ಲ. 1954ರ ವಿಶೇಷ ವಿವಾಹ ಕಾಯಿದೆಯಂತೆ ವಿವಾಹಾಧಿಕಾರಿಗೆ ಕೊಟ್ಟ ತಿಳಿವಳಿಕೆ ಪತ್ರಕ್ಕೆ 30 ದಿನ ತುಂಬಬೇಕು. 30 ದಿನದ ವೀಸಾದಲ್ಲಿ ಬಂದವರಿಗೆ ಈ ಲೆಕ್ಕ ಕೈಗೂಡುವಂತಿಲ್ಲ. ಆದುದರಿಂದ ಬರುವ ಮುನ್ನವೇ ಯೋಚನೆ ಮಾಡಿರಬೇಕು. ತಾಳಿ ಕಟ್ಟಿದ ಮಾತ್ರಕ್ಕೆ ಉಳಿಯುವ ಹಕ್ಕೂ ಬಾರದು. ಅವಧಿ ಮುಗಿಯುವ ಮೊದಲೇ, ವಿದೇಶಿಯರ ನೋಂದಣಿಗೆಂದು 2018ರಲ್ಲಿ ಆರಂಭವಾದ ಇ-ಎಫ್‌ಆರ್‌ಆರ್‌ಒ ಅಂತರ್ಜಾಲ ವ್ಯವಸ್ಥೆಯ ಮೂಲಕ ವೀಸಾ ಬದಲಾವಣೆಗೆ ಅರ್ಜಿ ಸಲ್ಲಬೇಕು. ಅದಾಗದಿದ್ದರೆ, ಹೇಳಿದ ದಿನಕ್ಕೆ ಹೊರಟುಬಿಡುವುದೇ ಲೇಸು.

ಸಂಜೆ ಶಿರಾ ಗೇಟಿನಲ್ಲಿ ದೀಪ ಹೊತ್ತುತ್ತವೆ. ಬೆಂಗಳೂರಿನ ಕಡೆಗೆ ಹೊರಟ ಬಸ್ಸಿನ ಕಿಟಕಿಗೆ ಕೈ ಚಾಚಿ ಕಣ್ಣೊರಸಿಕೊಳ್ಳುವವರನ್ನು ಅಲ್ಲಿ ನಿತ್ಯವೂ ಕಾಣಬಹುದು. ಅವಧಿಗೆ ಮುನ್ನ ಹೊರಟವಳಿಗಾದರೋ ಅದೇ ಹಾದಿಯಲ್ಲಿ ಮರಳಿ ಬರುವ ಆಸೆ ಉಳಿದಿರುತ್ತದೆ.