ಶೇಷ ಪರ್ವತದ ಆಚೆಯ ನೆರಳು

ಆ ವರ್ಷ ಜನವರಿ ಕೊನೆಗೇ ಬಿಸಿಲು ಬಲಿತಿತ್ತು. ಕಾಳ್ಗಿಚ್ಚಿನ ಭಯಕ್ಕೆ ಬೇಸಿಗೆಯಲ್ಲಿ ಕುಮಾರ ಪರ್ವತದ ದಾರಿ ಮುಚ್ಚುತ್ತಾರಲ್ಲ, ಅದಕ್ಕೂ ಮುಂಚೆ ಹತ್ತಿಬಿಡೋಣ ಎಂದು ನಾನೂ ಅಣ್ಣನೂ ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟೆವು. ಜೊತೆಗೆ ಅದೇ ಊರಿನ ಹಿರಿಯರೊಬ್ಬರಿದ್ದರು.

ಗಿರಿಗದ್ದೆಯ ತನಕ ದಟ್ಟ ಕಾಡು. ಬಿಸಿಲು ತಾಗುವುದಿಲ್ಲ, ಬೆವರು ಮಾತ್ರ ಇಳಿಯುತ್ತಲೇ ಇರುತ್ತದೆ. ಅಲ್ಲಿ ಚಾರಣಿಗರಿಗೆ ಊಟ ಹಾಕುವ ಭಟ್ಟರ ಮನೆಯಲ್ಲಿ ಅನ್ನ, ಸಾಂಬಾರು, ಮಜ್ಜಿಗೆ ಉಂಡು, ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ದಾಟಿದ್ದೇ ತಡ, ಮರಗಳು ಮುಗಿದವು. ಮುಂದೆಲ್ಲ ಬೋಳು ಗುಡ್ಡ, ಒಣಹುಲ್ಲು. ಒಂದು ಏರು ಮುಗಿಯಿತು ಅನ್ನುವಷ್ಟರಲ್ಲಿ ಅದರ ಬೆನ್ನಿಗೇ ಇನ್ನೊಂದು. ಬಂಡೆಗೆ ಕೈಯೂರಿದರೆ ಕಾದ ಕಾವಲಿ. ಅಣ್ಣ ಬಾಟಲಿ ಎತ್ತಿದ ಕೂಡಲೇ ಹಿರಿಯರು ತಡೆದರು: "ಗುಟುಕು ಗುಟುಕು ಕುಡೀರಿ ಮಾರಾಯ್ರೆ. ಕಲ್ಲು ಮಂಟಪದ ಹತ್ತಿರ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಷ್ಟೇ."

ಸಿಕ್ಕಿತು. ಮಂಟಪದಿಂದ ಸ್ವಲ್ಪ ಆಚೆ ಬಂಡೆಯ ಬಿರುಕಲ್ಲಿ ನೀರು ಜಿನುಗುತ್ತಿತ್ತು. ಅವರು ಅಗಲದ ಎಲೆಯೊಂದನ್ನು ಬಿರುಕಿಗೆ ಸಿಕ್ಕಿಸಿ, ತುದಿ ಬಗ್ಗಿಸಿ, ಬಾಟಲಿ ಹಿಡಿದರು. ಹನಿಗಳೆಲ್ಲ ಒಂದು ನೂಲಾಗಿ ಇಳಿದವು. ಒಂದು ಬಾಟಲಿ ತುಂಬುವಷ್ಟರಲ್ಲಿ ನಮ್ಮ ಅಂಗಿಯೇ ಒಣಗಿತ್ತು.

ಶೇಷ ಪರ್ವತದ ನೆತ್ತಿಗೆ ಬಂದಾಗ ಒಂದು ಬದಿ ಪ್ರಪಾತ, ಎದುರಿಗೆ ಕುಮಾರ ಪರ್ವತ. ಎರಡರ ನಡುವಿನ ಇಳಿಜಾರಿನಲ್ಲಿ, ಹುಲ್ಲುಗುಡ್ಡಗಳ ಮಡಿಲಲ್ಲಿ ಬೆಳೆಯುವ ಶೋಲಾ ಕಾಡು. ಒಳಗೆ ಕಾಲಿಟ್ಟರೆ ತಂಪು! ಮರದ ಕಾಂಡಕ್ಕೆಲ್ಲ ಪಾಚಿ, ಪಾದದಡಿ ಹಸಿ ಮಣ್ಣು. ಮಳೆಗಾಲದ ನೀರನ್ನು ಆ ಮಣ್ಣು, ಸುತ್ತಲಿನ ಹುಲ್ಲಿನ ಬೇರು ಹಿಡಿದಿಟ್ಟುಕೊಂಡು ಮಳೆ ನಿಂತ ಮೇಲೂ ಸ್ವಲ್ಪಸ್ವಲ್ಪವೇ ಬಿಡುತ್ತವೆ. ನಾವು ಕುಡಿದದ್ದು ಅದನ್ನೇ.

ಆಮೇಲೆ ಕಡಿದಾದ ಬಂಡೆ ಹತ್ತಿ 1,712 ಮೀಟರ್ ಎತ್ತರದ ತುದಿ ಮುಟ್ಟಿದೆವು. ತಾರಕಾಸುರನನ್ನು ಕೊಂದ ಕುಮಾರಸ್ವಾಮಿ ಆಯುಧ ತೊಳೆದ ನೀರೇ ಈ ಬೆಟ್ಟಗಳಿಂದ ಇಳಿಯುವ ಕುಮಾರಧಾರೆ ಹೊಳೆ ಎಂಬ ನಂಬಿಕೆ ಆ ಸೀಮೆಯದು. ಹೊಳೆ ಕುಕ್ಕೆಯಲ್ಲಿ ಭಕ್ತರನ್ನು ಮೀಯಿಸಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಹಿರಿಯರು ಕೆಳಗಿನ ಒಣಹುಲ್ಲು ತೋರಿಸಿ, "ಇಲ್ಲೊಂದು ಕಿಡಿ ಬಿದ್ದರೆ ಕೆಳಗಿನ ತೋಟದವರಿಗೂ ನೀರಿನ ತಾಪತ್ರಯ" ಎಂದರು.

ನೀವು ಹೋಗುವುದಾದರೆ ಮಳೆ ಕಳೆದ ಮೇಲೆ, ಹುಲ್ಲು ಇನ್ನೂ ಹಸಿರಿರುವಾಗ ಹೋಗಿ. ಬೇಸಿಗೆಯಲ್ಲಿ ಆ ದಾರಿ ಮುಚ್ಚಿಯೇ ಇರಲಿ.