ನಮ್ಮ ಮನೆಯ ಎಂಟುನೂರು

ನಮ್ಮ ಮನೆಯಲ್ಲಿ ಎರಡು ವರ್ಷಗಳಿಂದ ಒಂದು ಚರ್ಚಾಸ್ಪರ್ಧೆ ನಡೆಯುತ್ತಿತ್ತು. ವಿಷಯ: ‘ಹಳೇ ಕಾರನ್ನು ಮಾರುವುದೇ ಲೇಸು’. ಪರವಾಗಿ ಮಾತನಾಡುವವರು ನನ್ನ ಹೆಂಡತಿ ಮತ್ತು ಮಂಗಳೂರಿನಲ್ಲಿ ಓದುತ್ತಿರುವ ಮಗಳು. ವಿರೋಧವಾಗಿ ನಾನೊಬ್ಬನೇ. ತೀರ್ಪುಗಾರರು ಎಂಬತ್ತೆರಡು ದಾಟಿದ ನನ್ನಮ್ಮ. ಅವರಿಗೆ ಕಿವಿ ಮಂದವಾದ್ದರಿಂದ ತೀರ್ಪು ಪ್ರತಿಸಲವೂ ಮುಂದಕ್ಕೆ ಹೋಗುತ್ತಿತ್ತು.

ಕಾರೆಂದರೆ ಮಾರುತಿ 800. 2001ರದು. ಬಣ್ಣ ಬಿಳಿ ಎಂದು ಆರ್‌ಸಿ ಪುಸ್ತಕ ಹೇಳುತ್ತದೆ. ನಾನು ಅದನ್ನು ಕೊಂಡದ್ದು 2006ರ ಫೆಬ್ರವರಿಯಲ್ಲಿ. ಆ ವರ್ಷ ನಮ್ಮ ಸಂಸೆ, ಕಳಸದ ಕಡೆ ಹಳೇ ಸಾಮಾನಿಗೆ ಸುಗ್ಗಿ. ಏಕೆಂದು ಹಿರಿಯರಿಗೆ ನೆನಪಿರಬಹುದು, ಮಕ್ಕಳಿಗೆ ಹೇಳಬೇಕು. ಸಂಸೆಯಿಂದ ಘಟ್ಟದ ದಾರಿ ಹಿಡಿದರೆ ಕುದುರೆಮುಖ ಸಿಗುತ್ತದೆ. ಅಲ್ಲಿಯ ಕಬ್ಬಿಣದ ಅದಿರಿನ ಕಂಪನಿ ಹುಟ್ಟಿದ್ದು 1976ರಲ್ಲಿ. ಇರಾನಿನ ದೊರೆ ಸಾಲ ಕೊಟ್ಟು ಅದಿರು ಕೊಳ್ಳುವುದೆಂದು ಒಪ್ಪಂದವಾಗಿತ್ತು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ದೊರೆಯ ಪಟ್ಟವೇ ಹೋಯಿತು. ಆದರೂ ಗಣಿ ನಡೆಯಿತು. ಗುಡ್ಡದ ಮ್ಯಾಗ್ನೆಟೈಟ್ ಅದಿರನ್ನು ಹುಡಿ ಮಾಡಿ, ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಮಂಗಳೂರಿನ ಬಂದರಿನ ಕಡೆಗೆ ಇಳಿಸುತ್ತಿದ್ದರು. ಕಾಡು ಮತ್ತು ಭದ್ರೆಯ ಸಲುವಾಗಿ ಹೋರಾಟ ನಡೆದು, 2002ರಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂದು, 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ಗಣಿ ನಿಂತ ಮೇಲೆ ಊರು ಖಾಲಿಯಾಗತೊಡಗಿತು. ಮಂಚ, ಫ್ರಿಜ್, ಹೊಲಿಗೆ ಯಂತ್ರ, ಗುಲಾಬಿ ಕುಂಡ ಎಲ್ಲವೂ ಮಾರಾಟಕ್ಕೆ. ಊರು ಬಿಡುತ್ತಿದ್ದ ಒಬ್ಬ ಫೋರ್‌ಮನ್ನರಿಂದ ನಾನು ಈ ಕಾರನ್ನು 1,05,000 ರೂಪಾಯಿಗೆ ಕೊಂಡೆ. ಕೀಲಿ ಕೊಡುವಾಗ ಅವರು, “ಮೇಷ್ಟ್ರೇ, ಆಯಿಲ್ ಮಾತ್ರ ಹೊತ್ತಿಗೆ ಸರಿಯಾಗಿ ಬದಲಿಸಿ, ಇದು ನಿಮ್ಮನ್ನು ಕೈಬಿಡೋದಿಲ್ಲ” ಎಂದರು. ಆಮೇಲೆ ಬಾನೆಟ್ಟಿನ ಮೇಲೆ ಒಂದು ಸಲ ಕೈಯಾಡಿಸಿ ತಿರುಗಿ ನೋಡದೆ ಒಳಗೆ ಹೋದರು. ಅವರಿಗೆ ಆಗ ಈಗಿನ ನನ್ನಷ್ಟೇ ವಯಸ್ಸಿರಬೇಕು.

ಅವರ ಮಾತು ಸುಳ್ಳಾಗಲಿಲ್ಲ. 796 ಸಿಸಿಯ ಮೂರು ಸಿಲಿಂಡರಿನ ಆ ಪುಟ್ಟ ಎಂಜಿನ್ನು ಏನೆಲ್ಲ ಹೊತ್ತಿದೆ! ಗೊಬ್ಬರದ ಚೀಲ, ಬಾಳೆಗೊನೆ, ಪ್ರಯೋಗಾಲಯದ ಗಾಜಿನ ಸಾಮಾನು, ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ಬಸ್ಸು ತಪ್ಪಿಸಿಕೊಂಡ ಐದು ಮಕ್ಕಳು. ನಮ್ಮ ಮನೆಗೆ ಹತ್ತುವ ಮಣ್ಣಿನ ಏರಿನಲ್ಲಿ ಮಳೆಗಾಲದಲ್ಲಿ ಅದು ಮುಂದಕ್ಕೆ ಹೋಗುತ್ತಿರಲಿಲ್ಲ. ಆದರೆ ಹಿಂದಕ್ಕೆ ಹತ್ತುತ್ತಿತ್ತು! ಮಕ್ಕಳು ಇದನ್ನು ನೋಡಿ ನಗುತ್ತಿದ್ದರು. ನಗಬೇಡಿ, ಯೋಚಿಸಿ ಎಂದು ನಾನು ಅಲ್ಲೇ ಪಾಠ ಶುರು ಮಾಡುತ್ತಿದ್ದೆ. ಈ ಕಾರಿನಲ್ಲಿ ಎಂಜಿನ್ನಿನ ಬಲ ಸಿಗುವುದು ಮುಂದಿನ ಚಕ್ರಗಳಿಗೆ. ಏರು ಹತ್ತುವಾಗ ಭಾರ ಹಿಂದಿನ ಚಕ್ರಗಳಿಗೆ ಜಾರುತ್ತದೆ. ಮುಂದಿನವು ಹಗುರಾಗಿ ಕೆಸರಿನಲ್ಲಿ ತಿರುಗುತ್ತವೆ. ರಿವರ್ಸ್‌ನಲ್ಲಿ ಹತ್ತಿಸಿದರೆ ಬಲವಿರುವ ಚಕ್ರಗಳು ಕೆಳಗಾಗಿ ಭಾರವೂ ಅವುಗಳ ಮೇಲೆಯೇ ಬೀಳುತ್ತದೆ. ಘರ್ಷಣೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಕುತ್ತಿಗೆ ನೋವು ಬಂದದ್ದು ಬೇರೆ ಮಾತು.

ಈಚೆಗೆ ಕಾರಿಲ್ಲದೆ ಆಗುವಂತೆಯೂ ಇಲ್ಲ. ಕೊಪ್ಪದ ಕಾರ್ಮಿಕರೇ 1991ರಲ್ಲಿ ಕಟ್ಟಿ ಬೆಳೆಸಿದ ಸಹಕಾರ ಸಾರಿಗೆಯ ಬಸ್ಸುಗಳು 2020ರಲ್ಲಿ ನಿಂತುಹೋದ ಮೇಲೆ ಮಲೆನಾಡಿನಲ್ಲಿ ಬಸ್ಸು ನಂಬಿದವರ ಪಾಡು ಹೇಳತೀರದು.

ಇನ್ನು ನನ್ನ ವಾದಕ್ಕೆ ಆಧಾರ ಒಂದು ನೂರು ಪುಟದ ನೋಟ್‌ಬುಕ್ಕು. ಕಾರು ಕೊಂಡ ದಿನದಿಂದ ಅದಕ್ಕೆ ಖರ್ಚಾದ ಪ್ರತಿ ರೂಪಾಯಿಯನ್ನೂ ಅದರಲ್ಲಿ ಬರೆದಿದ್ದೇನೆ. ದಿನಾಂಕ, ಕಿಲೋಮೀಟರು, ಕೈಕೊಟ್ಟ ಭಾಗ, ಮೊತ್ತ ಎಂದು ನಾಲ್ಕು ಕಾಲಂ. ಕೊನೆಯ ಮೂರು ವರ್ಷ ಕ್ಲಚ್ಚು, ರೇಡಿಯೇಟರು, ಶಾಕ್ ಅಬ್ಸಾರ್ಬರು ಸೇರಿ ಒಟ್ಟು 60,200 ರೂಪಾಯಿ. ಅಂದರೆ ತಿಂಗಳಿಗೆ ಸುಮಾರು 1,670. ಬೇರೆ ಕಾರು ಕೊಂಡರೆ, ಸೆಕೆಂಡ್ ಹ್ಯಾಂಡೇ ಆದರೂ, ತಿಂಗಳ ಕಂತು 8,000ಕ್ಕೆ ಕಡಿಮೆ ಇಲ್ಲ. “ಲೆಕ್ಕ ನೋಡು” ಎಂದು ನಾನು ನೋಟ್‌ಬುಕ್ಕನ್ನು ಹೆಂಡತಿಯ ಮುಂದೆ ಹಿಡಿಯುತ್ತಿದ್ದೆ. “ದಾರೀಲಿ ಕೊಡೆ ಹಿಡಕೊಂಡು ನಿಂತದ್ದು ಎಷ್ಟು ಗಂಟೆ ಅಂತ ಅದರಲ್ಲಿ ಬರೆದಿದೀರಾ?” ಎಂದು ಅವಳು ಕೇಳುತ್ತಿದ್ದಳು. ಬರೆದಿರಲಿಲ್ಲ.

ಅವಳ ಕಡೆಗೆ ಸರ್ಕಾರವೂ ಸೇರಿಕೊಂಡಿತು. ಸ್ವಂತ ಕಾರಿನ ನೋಂದಣಿ ಹದಿನೈದು ವರ್ಷ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನಾನು 2016ರಲ್ಲಿ ಒಮ್ಮೆ, 2021ರಲ್ಲಿ ಒಮ್ಮೆ, ನೂರು ಕಿಲೋಮೀಟರಿನ ಆಸುಪಾಸು ಚಿಕ್ಕಮಗಳೂರಿಗೆ ಕಾರನ್ನು ಕರೆದೊಯ್ದು ಪರೀಕ್ಷೆ ಪಾಸು ಮಾಡಿಸಿಕೊಂಡು ಬಂದಿದ್ದೆ. 2021ರಲ್ಲಿ ಶುಲ್ಕ 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಎಂದಾಯಿತು. ಹಸಿರು ತೆರಿಗೆ ಬೇರೆ. ನನ್ನ ಕಾರಿನ ಮುಂದಿನ ಸರದಿ 2026ರ ಆಗಸ್ಟ್.

ಆದರೆ ಚರ್ಚೆಯ ದಿಕ್ಕು ಬದಲಾದದ್ದು ಶುಲ್ಕದಿಂದಲ್ಲ. ಅದಕ್ಕೆ ಒಂದು ತಿಂಗಳು ಮೊದಲೇ, ಜುಲೈನ ಒಂದು ರಾತ್ರಿ, ಹನ್ನೊಂದು ಗಂಟೆಯ ಹೊತ್ತಿಗೆ ಅಮ್ಮನಿಗೆ ಉಸಿರು ಕಟ್ಟತೊಡಗಿತು. ಹೊರಗೆ ಹೊಡೆದು ಸುರಿಯುವ ಮಳೆ. ಕರೆಂಟು ಹೋಗಿ ಎರಡು ದಿನವಾಗಿತ್ತು. ಫೋನಿಗೆ ಸಿಗ್ನಲ್ಲೂ ಇಲ್ಲ, 108ಕ್ಕೆ ಕರೆ ಹೋಗುವುದು ಹೇಗೆ? ಅಮ್ಮನನ್ನು ಕಂಬಳಿ ಸುತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿ ಕೀಲಿ ತಿರುಗಿಸಿದೆ. ಎಂಜಿನ್ನು ತಿರುಗಿತು, ಹೊತ್ತಲಿಲ್ಲ. ಮತ್ತೆ ತಿರುಗಿಸಿದೆ. ಡಿಸ್ಟ್ರಿಬ್ಯೂಟರಿಗೆ ತೇವ ಹಿಡಿದಿದೆ ಎಂದು ನನಗೆ ಗೊತ್ತಾಯಿತು. ಕ್ಯಾಪು ಬಿಚ್ಚಿ, ಹೆಂಡತಿಯ ಸೆರಗಿನಲ್ಲಿ ಒರೆಸಿ, ಒಲೆಯ ಬಿಸಿಗೆ ಹಿಡಿದು ತಂದು ಹಾಕಿದೆ. ಇಲ್ಲ. ಮಳೆಯ ಸದ್ದಿನ ನಡುವೆಯೂ ಅಮ್ಮ ಉಸಿರೆಳೆಯುವ ಸದ್ದು ಕೇಳುತ್ತಿತ್ತು. ಟಾರ್ಚು ಹಿಡಿದಿದ್ದ ಹೆಂಡತಿ ಆ ಹೊತ್ತು ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಕೊನೆಗೆ ತೋಟ ದಾಟಿ ಓಡಿ, ಪಕ್ಕದ ಮನೆಯವರನ್ನು ಎಬ್ಬಿಸಿ, ಅವರ ಜೀಪಿನಲ್ಲಿ ಕಳಸದ ಆಸ್ಪತ್ರೆಗೆ ಕರೆದೊಯ್ದೆವು. ಇಪ್ಪತ್ತೈದು ನಿಮಿಷ ಹಾಳಾಗಿತ್ತು. ಆಕ್ಸಿಜನ್ ಕೊಟ್ಟರು, ಅಮ್ಮ ಉಳಿದರು. ಬೆಳಿಗ್ಗೆ ಕಾಫಿ ಕೇಳಿದರು.

ಮಳೆ ಹೊಳವಾದ ಮೇಲೆ ಕಾರನ್ನು ಕಳಸದ ಗ್ಯಾರೇಜಿಗೆ ಒಯ್ದೆ. ನಡೆಸುವವನು ನನ್ನ ಹಳೇ ವಿದ್ಯಾರ್ಥಿ. ಡಿಸ್ಟ್ರಿಬ್ಯೂಟರ್ ಕ್ಯಾಪಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಅದರಲ್ಲಿ ನೀರಿನ ಪಸೆ ಸೇರಿ ವಿದ್ಯುತ್ತು ದಾರಿ ತಪ್ಪುತ್ತಿತ್ತು. ಹೊಸ ಕ್ಯಾಪು, ವೈರು ಹಾಕಿದ. ಸಾವಿರ ರೂಪಾಯಿಯೂ ಆಗಲಿಲ್ಲ. ನನಗೋ ಒಳಗೊಳಗೇ ಗೆದ್ದ ಸಂತೋಷ. ಇಷ್ಟು ಸಣ್ಣ ದೋಷಕ್ಕೆ ಕಾರನ್ನೇ ಮಾರುವುದೇ? ಮನೆಗೆ ಹೋಗಿ ಏನು ಹೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ.

ಆಗ ಆ ಹುಡುಗ, “ಸಾರ್, ಸೀಟು ಸ್ವಲ್ಪ ಅಲ್ಲಾಡ್ತಿದೆಯಲ್ಲ?” ಎಂದ. ನಾನು ಗಮನಿಸಿಯೇ ಇರಲಿಲ್ಲ. ಅವನು ರಬ್ಬರ್ ಮ್ಯಾಟು ಎತ್ತಿದ, ಅದರಡಿಯ ದಪ್ಪ ಕಾರ್ಪೆಟ್ಟು ಎತ್ತಿದ, ಸ್ಕ್ರೂ ಡ್ರೈವರ್ ತೆಗೆದುಕೊಂಡು ನೆಲದ ತಗಡಿಗೆ ಮೆಲ್ಲಗೆ ಒತ್ತಿದ. ಅದು ನೆನೆದ ರಟ್ಟಿನೊಳಗೆ ಹೋದ ಹಾಗೆ ಆಚೆಗೆ ಹೋಯಿತು. ರಂಧ್ರದಲ್ಲಿ ಗ್ಯಾರೇಜಿನ ನೆಲ ಕಂಡಿತು. ಸೀಟಿನ ಕಂಬಿಯ ಬೋಲ್ಟು ಕೂರುವ ಜಾಗದ ಸುತ್ತ ಕೆಂಪು ಹುಡಿ ಬಿಟ್ಟರೆ ಏನೂ ಉಳಿದಿರಲಿಲ್ಲ. ಹಿಂದಿನ ಸೀಟಿನ ಅಡಿಯಲ್ಲೂ, ಅಮ್ಮ ಆ ರಾತ್ರಿ ಕೂತಿದ್ದಲ್ಲಿ, ಅದೇ ಕತೆ.

“ಏನೋ ಇದು?” ಎಂದೆ.

“ನೀವೇ ಹೇಳಿಕೊಟ್ಟಿದ್ದಲ್ವ ಸಾರ್? ಮೂರು ಪ್ರನಾಳ, ಮೂರು ಮೊಳೆ.”

ಪ್ರತಿ ವರ್ಷ ಮಾಡಿಸುವ ಪ್ರಯೋಗ ಅದು. ಒಂದು ಪ್ರನಾಳದಲ್ಲಿ ನೀರೂ ಗಾಳಿಯೂ ಇರುತ್ತವೆ. ಎರಡನೆಯದರಲ್ಲಿ ಕುದಿಸಿ ಗಾಳಿ ಹೊರಹಾಕಿದ ನೀರು, ಮೇಲೆ ಎಣ್ಣೆಯ ಪದರ. ಮೂರನೆಯದರಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್, ಒಣಗಾಳಿ. ತುಕ್ಕು ಹಿಡಿಯುವುದು ಮೊದಲನೆಯದರ ಮೊಳೆಗೆ ಮಾತ್ರ. ಅಲ್ಯೂಮಿನಿಯಮ್ಮಿಗೆ ಅದರ ಆಕ್ಸೈಡೇ ಕವಚವಾಗುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ, ಉಬ್ಬಿ ಹೊಪ್ಪಳೆಯೇಳುತ್ತದೆ, ಸ್ಪಂಜಿನಂತೆ ನೀರು ಹಿಡಿದು ಒಳಗಿನದನ್ನೂ ತಿನ್ನುತ್ತದೆ. ಇದನ್ನೆಲ್ಲ ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವನು ಮಾಡಿದ್ದೇನು? ಕೆಸರುನೀರು ಒಳಗೆ ಚಿಮ್ಮಬಾರದೆಂದು ನೆಲದ ತೂತುಗಳ ಬಿರಡೆಗಳ ಮೇಲೆ ಅಂಟು ಮೆತ್ತಿದ್ದೆ. ಬೆಚ್ಚಗಿರಲೆಂದು ಮ್ಯಾಟಿನ ಅಡಿಗೆ ಕಾರ್ಪೆಟ್ಟು ಹಾಸಿದ್ದೆ. ಹತ್ತೊಂಬತ್ತು ಮಳೆಗಾಲ ನಮ್ಮ ಒದ್ದೆ ಚಪ್ಪಲಿಗಳಿಂದ ಇಳಿದ ನೀರು ಹೊರಹೋಗಲು ದಾರಿಯಿಲ್ಲದೆ ಅಲ್ಲೇ ಕೂತಿತ್ತು. ಆರೈಕೆ ಎಂದುಕೊಂಡು ಮೊದಲನೇ ಪ್ರನಾಳವನ್ನೇ ಸಿದ್ಧಮಾಡಿಟ್ಟಿದ್ದೆ.

“ಪ್ಯಾಚ್ ವೆಲ್ಡಿಂಗ್ ಮಾಡು ಮಾರಾಯ” ಎಂದೆ. ಅವನು ತಲೆ ಅಲ್ಲಾಡಿಸಿದ. “ವೆಲ್ಡು ಹಿಡಿಯೋಕೆ ಸುತ್ತ ಗಟ್ಟಿ ತಗಡು ಬೇಕಲ್ಲ ಸಾರ್. ಮಾಡಿಕೊಡಬಹುದು, ನೋಡೋಕೆ ಚೆನ್ನಾಗಿರತ್ತೆ. ಯಾರಿಗಾದ್ರೂ ಗುದ್ದಿದ್ರೆ ಸೀಟು ಎದ್ದು ಬರತ್ತೆ.”

“ಮತ್ತೆ ಪಕ್ಕದ ಮನೆಯವರ ಜೀಪು ನಲವತ್ತು ವರ್ಷದಿಂದ ಓಡುತ್ತಿದೆಯಲ್ಲ?” ನನ್ನ ಕೊನೆಯ ವಾದ.

ಅದಕ್ಕೆ ಅವನು ಕೊಟ್ಟ ಉತ್ತರಕ್ಕೆ ಪೂರ್ಣ ಅಂಕ ಕೊಡಬೇಕು. ಮುಳ್ಳೋಡಿಯ ಕಡೆಗೆ ಚಾರಣಿಗರನ್ನು ಹೊತ್ತೊಯ್ಯುವ ಜೀಪುಗಳನ್ನು ನೋಡಿದವರಿಗೆ ಗೊತ್ತು, ಅವು ಏಣಿಯಂಥ ದಪ್ಪ ಉಕ್ಕಿನ ಚಾಸಿಸ್ಸಿನ ಮೇಲೆ ನಿಂತಿವೆ. ಎಂಜಿನ್ನು, ಚಕ್ರ, ಸೀಟು ಎಲ್ಲದರ ಭಾರ ಆ ಏಣಿಯದು. ಮೇಲಿನ ಬಾಡಿ ಬರೀ ಅಂಗಿ. ಅಂಗಿ ಹರಿದರೆ ಬೇರೆ ತೊಡಿಸಬಹುದು. ಮಾರುತಿ 800ಕ್ಕೆ ಬೇರೆ ಚಾಸಿಸ್ಸೇ ಇಲ್ಲ. ತೆಳು ತಗಡನ್ನು ಮಡಿಸಿ ಬೆಸೆದ ಬಾಡಿಯೇ ಅದರ ಎಲುಬು. ಹಗುರವಾಗಿ, ಕಡಿಮೆ ಪೆಟ್ರೋಲು ಕುಡಿದು ಓಡುವುದಕ್ಕೆ ಅದೂ ಒಂದು ಕಾರಣ. “ಎಂಜಿನ್ ಇನ್ನೂ ಹತ್ತು ವರ್ಷ ಓಡತ್ತೆ ಸಾರ್, ಕೂರೋಕೆ ಕಾರಿರೋದಿಲ್ಲ” ಎಂದ.

ಮನೆಗೆ ಬಂದು ನೋಟ್‌ಬುಕ್ಕು ತೆರೆದು ಕೂತೆ. ‘ಕೈಕೊಟ್ಟ ಭಾಗ’ ಎಂಬ ಮೂರನೆಯ ಕಾಲಮ್ಮಿನಲ್ಲಿ ಕೈಕೊಟ್ಟದ್ದೆಲ್ಲ ಇತ್ತು. ನೆಲದ ತಗಡು ಒಂದು ದಿನವೂ ಕೈಕೊಟ್ಟಿರಲಿಲ್ಲ; ಹಾಗಾಗಿ ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಅದರ ಹೆಸರು ಬಂದಿರಲಿಲ್ಲ. ನಮ್ಮನ್ನು ಹೆದರಿಸಿದ ಕ್ಯಾಪಿನ ಬೆಲೆ ಸಾವಿರದೊಳಗೆ.

ಕಾರು ಮಾರುವ ಸುದ್ದಿ ಹೇಗೋ ಹಬ್ಬಿತು. ದೀಪಾವಳಿಯ ಹೊತ್ತಿಗೆ ಒಬ್ಬ ಯುವಕ ಬಂದ. ಹೊಸದಾಗಿ ಮದುವೆಯಾದವನು, ಹೆಂಡತಿ ಬಸುರಿ. ಆಸ್ಪತ್ರೆಗೆ ಓಡಾಡಲು ಒಂದು ವಾಹನ ಬೇಕಂತೆ. ಎಂಜಿನ್ನಿನ ಸದ್ದು ಕೇಳಿ ಮರುಮಾತಿಲ್ಲದೆ 35,000ಕ್ಕೆ ಒಪ್ಪಿದ. ಅವನು ಮ್ಯಾಟು ಎತ್ತಲಿಲ್ಲ. ಎತ್ತಬೇಕೆಂದು ಯಾರಿಗೆ ತಾನೇ ಹೊಳೆಯುತ್ತದೆ? ಒಂದು ನಿಮಿಷ ನಾನೂ ಸುಮ್ಮನಿದ್ದೆ, ಬರೆಯಲು ನಾಚಿಕೆಯಾಗುತ್ತದೆ. ಆ ದುಡ್ಡಿನಲ್ಲಿ ಮಗಳ ಹಾಸ್ಟೆಲ್ಲಿನ ಕಂತು ತೀರುತ್ತಿತ್ತು. ಒಳಗಿನಿಂದ ಹೆಂಡತಿ ಕಾಫಿ ತಂದಿಟ್ಟು, ನನ್ನ ಮುಖ ನೋಡಿ, ಅಲ್ಲೇ ನಿಂತಳು.

ಮ್ಯಾಟು ಎತ್ತಿ ತೋರಿಸಿದೆ. ಅವನು ಬಗ್ಗಿ ನೋಡಿ, ಕಾಫಿ ಕುಡಿದು, “ಬರ್ತೀನಿ ಸಾರ್” ಎಂದು ಹೋದ. ಮಾರನೆಯ ವಾರ ಇನ್ನೊಬ್ಬರು ಬಂದು, “ತಗಡು ಹೊಡೆಸಿ ಮುಂದಕ್ಕೆ ದಾಟಿಸ್ತೀನಿ, ಹದಿನೆಂಟು ಸಾವಿರ ತಗೊಳ್ಳಿ” ಎಂದರು. ಕೊಡಲಿಲ್ಲ. 2021ರ ನಿಯಮದಂತೆ ಈಗ ಹಳೇ ವಾಹನಗಳನ್ನು ಒಡೆಯಲು ನೋಂದಾಯಿತ ಗುಜರಿ ಕೇಂದ್ರಗಳಿವೆ; ಅಲ್ಲಿಗೆ ಕೊಟ್ಟರೆ ಪ್ರಮಾಣಪತ್ರ ಕೊಡುತ್ತಾರೆ, ನೋಂದಣಿಯೂ ರದ್ದಾಗುತ್ತದೆ. ಸಿಗುವುದು ಕಬ್ಬಿಣದ ತೂಕದ ಬೆಲೆ. ಅದರಲ್ಲಿ ಲಾರಿ ಬಾಡಿಗೆ ಕಳೆದರೆ ಉಳಿಯುವುದೆಷ್ಟು ಎಂಬುದನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿದ್ದೇನೆ, ಇಲ್ಲಿ ಬೇಡ.

ಲಾರಿ ಬಂದ ದಿನ ಅಮ್ಮ ಜಗಲಿಯಲ್ಲಿ ಕೂತಿದ್ದರು. ಕಾರು ಉಣುಗೋಲು ದಾಟಿ ತಿರುವಿನಲ್ಲಿ ಮರೆಯಾದ ಮೇಲೆ ನನ್ನನ್ನು ಕರೆದು, “ರಿಪೇರಿಗೆ ಕಳಿಸಿದೆಯೇನೋ?” ಎಂದು ಕೇಳಿದರು. ಕಿವಿಯ ಹತ್ತಿರ ಬಾಯಿಟ್ಟು, “ಇಲ್ಲಮ್ಮ, ಕೊಟ್ಟುಬಿಟ್ಟೆ” ಎಂದೆ. ಈ ಸಲ ಅವರಿಗೆ ಕೇಳಿಸಿತು.

“ಹಾಗಾದರೆ ಆವತ್ತು ಬಂತಲ್ಲ, ಆ ಜೀಪಿನಂಥದ್ದು ತಗೋ” ಎಂದರು.